ತೋಡಿಗೆ ಹೋಗುವ ದಾರಿಯ ಫೋಟೊ

ಸುಲ್ತಾನ್ ಬತ್ತೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಒಂದು ಸ್ಟುಡಿಯೋದಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ಮದುಮಗಳ ಕೋಣೆಯೊಳಗೆ ಫೋಟೊ ತೆಗೆಯಲು ಹೆಂಗಸೇ ಬರಬೇಕು ಎಂದು ಹಲವು ಮನೆಯವರು ಕೇಳುತ್ತಿದ್ದರು. ಮಾಲೀಕರು ನನ್ನನ್ನು ಸೇರಿಸಿಕೊಂಡದ್ದು ಆ ಕಾರಣಕ್ಕೇ. ಸೇರುವಾಗ ಕ್ಯಾಮೆರಾದ ಯಾವ ಗುಂಡಿ ಯಾವುದಕ್ಕೆ ಎಂದೂ ನನಗೆ ಗೊತ್ತಿರಲಿಲ್ಲ. ಮೂರನೆಯ ವರ್ಷದ ಹೊತ್ತಿಗೆ ಸ್ವಂತದ್ದೊಂದು ಬೇಕು ಅನ್ನಿಸತೊಡಗಿತು.

ನಮ್ಮ ಊರು ಖಾಲಿಯಾಗುವ ಮಾತು ಗಟ್ಟಿಯಾದದ್ದೂ ಅದೇ ವರ್ಷ. ನಮ್ಮದು ಚೇಕಾಡಿಯ ಗದ್ದೆಗಳಿಂದಾಚೆ ಕಾಡಿನೊಳಗಿದ್ದ ಹದಿನಾಲ್ಕು ಮನೆಗಳ ಊರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಆನೆಯನ್ನು ಬೆದರಿಸುವಾಗ ಎರಡೂ. ಆನೆ ಗದ್ದೆಗೆ ಇಳಿದರೆ ಆ ವರ್ಷದ ಬೆಳೆ ಇಲ್ಲ. ಹೆರಿಗೆ ನೋವು ಬಂದವಳನ್ನು ಜೀಪು ಸಿಗುವವರೆಗೆ ಕಂಬಳಿಯಲ್ಲಿ ಹೊತ್ತು ನಡೆಯಬೇಕು. ಕಾಡಿನ ಹೊರಗೆ ಜಾಗ ಕೊಡುತ್ತೇವೆ ಎಂದು ಅರಣ್ಯ ಇಲಾಖೆಯವರು ಹೇಳಿದಾಗ ಊರಿನವರು ಕೂತು ಮಾತಾಡಿ, ತಾವೇ ಒಪ್ಪಿ ರುಜು ಹಾಕಿದರು. ನಮ್ಮನ್ನು ಯಾರೂ ದೂಡಲಿಲ್ಲ. ದೂರುವುದಕ್ಕೆ ಯಾರಾದರೂ ಇದ್ದಿದ್ದರೆ ಈ ನೆನಪು ನನ್ನನ್ನು ಇಷ್ಟು ಕಾಡುತ್ತಿರಲಿಲ್ಲವೇನೋ.

ಊರು ಬಿಡುವ ಮೊದಲು ಎಲ್ಲವನ್ನೂ ಫೋಟೊದಲ್ಲಿ ಹಿಡಿದಿಡಬೇಕು ಎಂದು ನಾನು ತೀರ್ಮಾನಿಸಿದ್ದೆ. ನಮ್ಮ ಮಾಲೀಕರು ಹೊಸ ಕ್ಯಾಮೆರಾ ತರಿಸಿಕೊಂಡಿದ್ದರಿಂದ ತಮ್ಮ ಹಳೆಯ ದೊಡ್ಡ ಕ್ಯಾಮೆರಾ, ಡಿಎಸ್ಎಲ್ಆರ್ ಅನ್ನು ನನಗೆ ಕೊಡಲು ಸಿದ್ಧರಿದ್ದರು. ಅದರೊಂದಿಗೆ ಮುಖದ ಫೋಟೊಗೆ ಹೇಳಿ ಮಾಡಿಸಿದಂಥ ಒಂದು ಉದ್ದ ಲೆನ್ಸು. ಅಷ್ಟೇ ದುಡ್ಡಿಗೆ ಮೈಸೂರಿನಿಂದ ಹೊಸದೊಂದು ಪುಟ್ಟ ಕ್ಯಾಮೆರಾ ತರಬಹುದಿತ್ತು. ಅಂಗಿ ಜೇಬಿಗೆ ಹಿಡಿಸುವಂಥದ್ದು, ಗುಂಡಿ ಒತ್ತಿದರೆ ಲೆನ್ಸು ತಾನಾಗಿ ಹೊರಗೆ ಬರುವಂಥದ್ದು. ಆಗ ನನ್ನ ಬಳಿ ಇದ್ದದ್ದು ಒತ್ತುವ ಗುಂಡಿಗಳ ಫೋನು. ಅದರಲ್ಲಿ ಫೋಟೊ ತೆಗೆದರೆ ಮನುಷ್ಯರೋ ಮರವೋ ಗೊತ್ತಾಗುತ್ತಿರಲಿಲ್ಲ.

ಮಾಲೀಕರು ನನಗೆ ದೊಡ್ಡದನ್ನು ಮಾರಲು ಆತುರ ಪಡಲಿಲ್ಲ. "ಮೋಳೆ, ಮದುವೆಗೆ ಹೋಗೋದಾದ್ರೆ ಇದು ತಗೋ. ನಿಮ್ಮೂರಿನವರನ್ನ ತೆಗೆಯೋಕೆ ಅಂದ್ರೆ ಚಿಕ್ಕದೇ ಸಾಕು. ಇದನ್ನ ನೋಡಿದ್ರೆ ಅವರೆಲ್ಲ ಅಟೆನ್ಷನ್ನಲ್ಲಿ ನಿಂತ್ಕೊಳ್ತಾರೆ," ಎಂದರು. ಮೋಳೆ ಎಂದರೆ ಮಲಯಾಳದಲ್ಲಿ ಮಗಳೇ ಎಂದು.

ನಾನು ದೊಡ್ಡದನ್ನೇ ತೆಗೆದುಕೊಂಡೆ. ಅದನ್ನು ಕೊರಳಿಗೆ ಹಾಕಿಕೊಂಡು ಮದುವೆ ಮನೆಗೆ ಹೋದಾಗ ಜನ ಸರಿದು ದಾರಿ ಬಿಡುತ್ತಿದ್ದರು. ಕಾಡಿನೊಳಗಿನಿಂದ ಬಂದ ಹುಡುಗಿಗೆ ಅದು ಸಣ್ಣ ವಿಷಯವಾಗಿರಲಿಲ್ಲ.

ಕೊಯ್ಲು ಮುಗಿದು ಮಕರ ಮಾಸ ಹಿಡಿದಿತ್ತು. ಊರು ಬಿಡಲು ಒಂದು ವಾರ ಇತ್ತು. ನಾನು ಎರಡು ದಿನ ರಜೆ ಹಾಕಿ ಹೋದೆ. ಮಾಲೀಕರು ಹೇಳಿದ್ದು ನಿಜವಾಯಿತು. ಅಪ್ಪ ಅಂಗಿ ಬದಲಾಯಿಸಿಕೊಂಡು ಬಂದು ಪೊಲೀಸರ ಮುಂದೆ ನಿಂತಂತೆ ನಿಂತರು. ಪಕ್ಕದ ಮನೆಯವರು ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಸಾಲಾಗಿ ನಿಲ್ಲಿಸಿದರು. ನಗಿ ಎಂದರೆ ಇನ್ನಷ್ಟು ಬಿಗಿಯಾದರು.

ಫೋಟೊ ಬೇಡ ಎಂದವಳು ಅತ್ತೆ ಒಬ್ಬಳೇ. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡ ತೀರಿಹೋದ ಮೇಲೆ ನಮ್ಮ ಮನೆಯ ಪಕ್ಕದಲ್ಲೇ ಒಂದು ಕೋಣೆಯ ಮನೆಯಲ್ಲಿ ಇದ್ದಳು. ಅಮ್ಮ ನಾಟಿಗೆ, ಕಳೆ ಕೀಳಲು ಹೋದ ದಿನಗಳಲ್ಲಿ ನನ್ನನ್ನು ನೋಡಿಕೊಂಡವಳು ಅವಳೇ. ಬೆಳಿಗ್ಗೆ ಅವಳು ನೀರಿಗೆ ಹೊರಟರೆ ನಾನು ಹಿಂದೆಯೇ ಓಡುತ್ತಿದ್ದೆ.

ಅವಳು ಅಂಗಳದಲ್ಲಿ ಬಿಂದಿಗೆ ತಿಕ್ಕುತ್ತ ಹೇಳಿದಳು: "ನನ್ನ ಫೋಟೊ ಬೇಡ ಮೋಳೆ. ತೋಡಿಗೆ ಹೋಗೋ ದಾರಿ ತೆಗಿ. ಬಾಗ್ಲಿಂದ ನೀರಿನ ತನ್ಕ, ಪೂರ."

ತೋಡು ಎಂದರೆ ನಮ್ಮ ಊರಿನ ಹಳ್ಳ. ಮನೆಯಿಂದ ಹತ್ತು ನಿಮಿಷದ ಇಳಿಜಾರು.

"ದಾರೀಲಿ ಏನುಂಟು ಅತ್ತೆ?" ಎಂದೆ.

"ದಾರಿ ಉಂಟಲ್ಲ," ಎಂದಳು.

ನಾನು ನಕ್ಕೆ. ಆ ಮಾತು ನನಗೆ ಮುದುಕಿಯರ ಹಟದಂತೆ ಕೇಳಿಸಿತು. ಬರೀ ಮಣ್ಣಿನ ದಾರಿಯ ಫೋಟೊ ಯಾರು ನೋಡುತ್ತಾರೆ? ಸೊಂಟದ ಮೇಲೆ ಬಿಂದಿಗೆ ಹೊತ್ತು ಅವಳು ನಡೆಯುತ್ತಿದ್ದರೆ ಅದು ಫೋಟೊ. ಮರದ ಎಲೆಗಳ ನಡುವಿನಿಂದ ಎಳೆ ಬಿಸಿಲು ಓರೆಯಾಗಿ ಬೀಳುತ್ತಿತ್ತು. "ನೀನು ನಡಿ, ದಾರಿಯೂ ಬರ್ತದೆ," ಎಂದು ಪುಸಲಾಯಿಸಿದೆ. ಅವಳು ಮುಂದೆ ನಡೆದಳು. ನಾನು ಅಡ್ಡ ಹೋಗಿ, ಕೂತು, ಬಗ್ಗಿ, ಅವಳನ್ನು ತಿರುಗಿಸಿ, ನಿಲ್ಲಿಸಿ ತೆಗೆದೆ. ಒಂದೆರಡು ಕಡೆ ಮತ್ತೆ ಹಿಂದಕ್ಕೆ ಹೋಗಿ ನಡೆದು ಬಾ ಎಂದೆ. ಅವಳು ಎದುರು ಮಾತಾಡದೆ ಹಾಗೇ ಮಾಡಿದಳು.

ತೋಡಿನ ದಡದಲ್ಲಿ ನೀರಿಗಿಳಿಯಲು ಹನ್ನೊಂದು ಕಲ್ಲಿನ ಮೆಟ್ಟಿಲು ಇದ್ದವು. ಅಲ್ಲಿ ನಿಂತು ಅತ್ತೆ, "ಈ ಕಲ್ಲು ಬರ್ಬೇಕು ನೋಡು," ಎಂದಳು.

"ಬರ್ತದೆ," ಎಂದು ಒಂದು ಮೆಟ್ಟಿಲ ಮೇಲಿದ್ದ ಅವಳ ಪಾದವನ್ನು ತೆಗೆದೆ. ಕಾಲ್ಬೆರಳಿನ ಮೇಲೆ ನಿಂತ ನೀರಿನ ಹನಿ ಹೊಳೆಯುತ್ತಿತ್ತು. ನನ್ನ ಇಡೀ ಜೀವಮಾನದಲ್ಲಿ ಅಷ್ಟು ಒಳ್ಳೆಯ ಫೋಟೊ ತೆಗೆದಿಲ್ಲ ಎಂದು ಆ ದಿನ ಅಂದುಕೊಂಡೆ.

ಊರಿನವರು ಪುಲ್ಪಳ್ಳಿ ಕಡೆಯ ಹೊಸ ಜಾಗಕ್ಕೆ ಬಂದರು. ಸಿಮೆಂಟಿನ ಮನೆಗಳು, ಅಂಗಳಕ್ಕೇ ನಲ್ಲಿ, ಬಾಗಿಲ ಮುಂದೆ ರಸ್ತೆ. ಸಾಮಾನು ಜೋಡಿಸಿ ಒಂದು ತಿಂಗಳಾದ ಮೇಲೆ ನಾನು ದೊಡ್ಡ ದೊಡ್ಡ ಪ್ರಿಂಟು ಹಾಕಿಸಿಕೊಂಡು ಹೋದೆ. ಎಲ್ಲರೂ ಹೊಗಳಿದರು. ಅತ್ತೆ ಪ್ರತಿಯೊಂದನ್ನೂ ಸೆರಗಿನಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಚೆಂದ ಉಂಟು," ಎಂದಳು. ಫೋಟೊವನ್ನು ಕಣ್ಣಿನ ಹತ್ತಿರ ತಂದು, "ಹಿಂದೆ ಇದೆಂತ, ಮಂಜಾ?" ಎಂದಳು.

"ಮಂಜಲ್ಲ ಅತ್ತೆ. ನಿನ್ನ ಮುಖ ಎದ್ದು ಕಾಣ್ಲಿ ಅಂತ ಹಿಂದಿದ್ದೆಲ್ಲ ಹಾಗೆ ಮಸುಕು ಮಾಡ್ತದೆ, ಈ ಲೆನ್ಸು."

"ಓ." ಅವಳು ಇನ್ನೊಂದನ್ನು ಎತ್ತಿಕೊಂಡಳು. "ಇದು ಎಲ್ಲಿ ತೆಗ್ದದ್ದು?"

"ಆ ತಿರುವಲ್ಲಿ. ನಂದಿ ಮರದ ಹತ್ರ."

"ನಂದಿ ಮರ ಎಲ್ಲಿ?"

ನಾನು ಬೆರಳಿಟ್ಟು ತೋರಿಸಿದೆ. ಅವಳ ಭುಜದ ಹಿಂದೆ ಕಂದು ಬಣ್ಣದ್ದೊಂದು ಪಟ್ಟಿ ಇತ್ತು. ಮೆಟ್ಟಿಲಿನ ಫೋಟೊದಲ್ಲಿ ಪಾದದ ಕೆಳಗಿನ ಒಂದು ಕಲ್ಲಿನ ಅಂಚು ಮಾತ್ರ ಕಲ್ಲಿನಂತಿತ್ತು. ಉಳಿದ ಹತ್ತು ಬೂದು ಬಣ್ಣದಲ್ಲಿ ಕಲಸಿಹೋಗಿದ್ದವು. ಅತ್ತೆ ಫೋಟೊಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಯ ಅಡಿಗೆ ಇಟ್ಟು, ಒಳಗೆ ಹೋಗಿ ನನಗೆ ಚಹಾ ಮಾಡಿದಳು.

ಬಸ್ಸಿಗೆ ಬಿಡಲು ಬಂದ ಅಪ್ಪನೇ ಹೇಳಿದ್ದು. "ಆ ಕಲ್ಲು ನಿನ್ನ ಮಾವ ಹಾಕಿದ್ದಲ್ವಾ? ಮದ್ವೆ ಆದ ವರ್ಷ. ಅಕ್ಕ ಒಂದ್ಸಲ ಜಾರಿ ಬಿದ್ಳು ಅಂತ, ಆಚೆ ಗುಡ್ಡದಿಂದ ಒಂದೊಂದೇ ಹೊತ್ಕೊಂಡು ಬಂದ. ಅವನ್ದು ಅಂತ ಒಂದು ಫೋಟೊ ಸಹ ಇಲ್ಲ ನೋಡು. ಜ್ವರದಲ್ಲಿ ಹೋದಾಗ ಇಪ್ಪತ್ತೆಂಟೋ ಏನೋ."

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಮೆಟ್ಟಿಲು ಹತ್ತಿ ಇಳಿದಿದ್ದೆ. ಅವು ತೋಡಿನಷ್ಟೇ ಹಳೆಯವು ಎಂದುಕೊಂಡಿದ್ದೆ. ಈ ಕಲ್ಲು ಬರಬೇಕು ಎಂದು ಅವಳು ಹೇಳಿದಾಗ ಯಾಕೆ ಎಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು. ನಾನು ಬಿಸಿಲು ನೋಡುತ್ತಿದ್ದೆ.

ಮತ್ತೆ ಹೋಗಬೇಕು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಆದರೆ ಖಾಲಿಯಾದ ಊರು ಈಗ ಕಾಡು. ಒಳಗೆ ಹೋಗಲು ಅನುಮತಿ ಬೇಕು, ಜೊತೆಗೆ ಅರಣ್ಯ ಇಲಾಖೆಯ ಕಾವಲುಗಾರ, ವಾಚರ್, ಬರಬೇಕು. ಅರ್ಜಿ ಕೊಟ್ಟು, ಮಳೆಗಾಲ ಮುಗಿದು, ಕಾಗದ ಕೈಗೆ ಸಿಗುವಾಗ ಎಂಟು ತಿಂಗಳು ಕಳೆದಿತ್ತು.

ಸ್ಟುಡಿಯೋದಲ್ಲಿ ಒಂದು ಹಳೆಯ ಪುಟ್ಟ ಕ್ಯಾಮೆರಾ ಇತ್ತು. ಪಿಂಚಣಿ ಅರ್ಜಿಗೆ ಫೋಟೊ ಬೇಕಾಗಿ, ಹಾಸಿಗೆ ಬಿಟ್ಟು ಏಳಲಾಗದವರ ಮನೆಗೆ ಹೋಗುವಾಗ ಅದನ್ನು ಒಯ್ಯುತ್ತಿದ್ದೆವು. ಅದನ್ನು ಎರಡು ದಿನಕ್ಕೆ ಕೊಡಿ ಎಂದು ಕೇಳಿದೆ.

"ನಿನ್ನದರಲ್ಲೂ ಎಲ್ಲಾ ಸ್ಪಷ್ಟ ಬರೋ ಹಾಗೆ ತೆಗೀಬಹುದು. ಬೇರೆ ಲೆನ್ಸು ಕೊಡ್ತೀನಿ," ಎಂದರು ಮಾಲೀಕರು.

ಅದು ನನಗೂ ಗೊತ್ತಿತ್ತು. ಆದರೆ ನನ್ನ ಕೈಯೂ ನನಗೆ ಗೊತ್ತಿತ್ತು. ದೊಡ್ಡದು ಸಿಕ್ಕರೆ ನಾನು ಮತ್ತೆ ಬಿಸಿಲು ಹುಡುಕುತ್ತಿದ್ದೆ, ಎಲೆಯ ಮೇಲಿನ ಹುಳ ಹುಡುಕುತ್ತಿದ್ದೆ. "ಚಿಕ್ಕದೇ ಇರಲಿ," ಎಂದೆ.

ಜೊತೆಗೆ ಬಂದ ವಾಚರ್ ತೋಲ್ಪೆಟ್ಟಿಯವರು, ಐವತ್ತು ದಾಟಿದವರು, ಕನ್ನಡ ಬಲ್ಲವರು. ಚೇಕಾಡಿ ಗದ್ದೆ ದಾಟಿ ನಡೆದೆವು. ಊರಿದ್ದ ಜಾಗದಲ್ಲಿ ಗೋಡೆಗಳು ಕರಗಿ ಮಣ್ಣಿನ ದಿಬ್ಬಗಳಾಗಿದ್ದವು. ನಮ್ಮ ಮನೆಯನ್ನು ನಾನು ಗುರುತು ಹಿಡಿದದ್ದು ಸೀಬೆ ಮರದಿಂದ. ಅಂಗಳದಲ್ಲಿ ಜಿಂಕೆಯ ಹಿಕ್ಕೆ ಬಿದ್ದಿತ್ತು.

ಅತ್ತೆಯ ಬಾಗಿಲು ಇದ್ದ ಕಡೆ ನಿಂತು ಮೊದಲನೆಯ ಫೋಟೊ ತೆಗೆದೆ. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು, ಎದೆಯ ಎತ್ತರಕ್ಕೆ ಹಿಡಿದು ಗುಂಡಿ ಒತ್ತುವುದು. ಕೋನ ನೋಡಲಿಲ್ಲ, ಬೆಳಕು ನೋಡಲಿಲ್ಲ. ದಾರಿ ಅರ್ಧ ಮುಚ್ಚಿಹೋಗಿತ್ತು. ಲಂಟಾನದ ಮುಳ್ಳುಪೊದೆ ಎರಡೂ ಬದಿಯಿಂದ ಬಾಗಿ ಬಂದಿತ್ತು. ವಾಚರ್ ಕತ್ತಿಯಿಂದ ಸವರುತ್ತ ಮುಂದೆ ಹೋಗುತ್ತಿದ್ದರು, ನಡುವೆ ನಿಂತು ಕಿವಿಗೊಡುತ್ತಿದ್ದರು.

ಒಂದು ಕಡೆ ದಾರಿ ಎರಡಾದಂತೆ ಕಂಡಿತು. "ಇದು ಆನೆ ಮಾಡಿದ್ದು. ನಿಮ್ಮ ದಾರಿ ಆಚೇದು," ಎಂದರು ಅವರು.

"ನಿಮಗೆ ಹೇಗೆ ಗೊತ್ತಾಯ್ತು ಅಣ್ಣ?"

"ಮನುಷ್ಯರು ಬಿಂದಿಗೆ ಹೊತ್ತು ನಡೆದ ದಾರಿ ಮರದಿಂದ ಸ್ವಲ್ಪ ದೂರ ಇರ್ತದೆ. ತಾಗಬಾರ್ದಲ್ಲ."

ನಂದಿ ಮರ ಇತ್ತು. ತೋಡಿನ ದಡಕ್ಕೆ ಬಂದಾಗ ಮೆಟ್ಟಿಲುಗಳಲ್ಲಿ ಏಳು ಮಾತ್ರ ಕಂಡವು. ಮೇಲಿನ ಎರಡನ್ನು ಆನೆಗಳು ಇಳಿಯುತ್ತ ಉರುಳಿಸಿದ್ದವು. ಕೆಳಗಿನ ಎರಡು ಮರಳಿನಡಿ ಸೇರಿದ್ದವು. ಏಳನ್ನೂ ಒಂದೊಂದಾಗಿ ತೆಗೆದೆ. ಉರುಳಿ ಬಿದ್ದವನ್ನೂ ತೆಗೆದೆ. ವಾಚರ್ ಗಡಿಬಿಡಿ ಮಾಡಲಿಲ್ಲ. ವಾಪಸು ಬರುವಾಗ ಎಣಿಸಿದರೆ ತೊಂಬತ್ತಮೂರು ಫೋಟೊ. ಒಂದೂ ಯಾರಿಗೂ ತೋರಿಸಿ ಹೊಗಳಿಸಿಕೊಳ್ಳುವಂಥದ್ದಲ್ಲ.

ಸಣ್ಣ ಅಳತೆಯಲ್ಲಿ ಪ್ರಿಂಟು ಹಾಕಿಸಿ, ಒಂದು ಆಲ್ಬಮ್ಮಿನಲ್ಲಿ ಸಾಲಾಗಿ ಸೇರಿಸಿ ಕೊಟ್ಟೆ. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ಮೊದಲ ಹಾಳೆ ತೆರೆದಳು. ಬೆರಳು ಇಟ್ಟಳು. ಬಹಳ ನಿಧಾನವಾಗಿ ಬೆರಳು ಒಂದರಿಂದ ಒಂದಕ್ಕೆ ಹೋಗುತ್ತಿತ್ತು. ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ನಿಲ್ಲಿಸಿ, "ಇದು ಹಿಂದೆಮುಂದೆ ಆಗಿದೆ," ಎಂದು ಎರಡು ಫೋಟೊಗಳನ್ನು ಹೊರತೆಗೆದು ಅದಲು ಬದಲು ಮಾಡಿದಳು. ನಾನು ಮಾಡಿದ ತಪ್ಪು ಅದು. ಅವಳೇ ಸರಿ.

ಮೆಟ್ಟಿಲು ಬಂದಾಗ ಕಲ್ಲು ಎಣಿಸಿದಳು. ನಾಲ್ಕು ತಮ್ಮ ಜಾಗದಲ್ಲಿ ಇಲ್ಲದ್ದಕ್ಕೆ ಕಾರಣ ಹೇಳಲು ನಾನು ಬಾಯಿ ತೆರೆದೆ. ಅವಳು ಕೈ ಎತ್ತಿ ಬೇಡ ಎಂದಳು.

"ಈ ಅಗಲದ್ದು ಉಂಟಲ್ಲ, ಇದನ್ನ ಹೊತ್ತು ತರ್ವಾಗ ಅವರ ಹೆಬ್ಬೆರಳು ಜಜ್ಜಿ ಹೋಯ್ತು," ಎಂದಳು. "ನೋವಾಯ್ತಾ ಅಂತ ಕೇಳಿದ್ರೆ, ಇಲ್ಲ, ಕಲ್ಲಿಗೆ ನೋವಾಗಿರ್ಬೇಕು ಅಂದ್ರು. ಹಾಗೇ ಅವರು. ಎಂತ ಕೇಳಿದ್ರೂ ಒಂದು ಕುಶಾಲು."

ಮಾವನ ಬಗ್ಗೆ ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಆ ಮಧ್ಯಾಹ್ನ ಅವರು ಹೇಗೆ ನಡೆಯುತ್ತಿದ್ದರು, ಎಷ್ಟು ಎತ್ತರ, ಊಟಕ್ಕೆ ಕೂತರೆ ಮೊದಲು ಏನು ಮುಟ್ಟುತ್ತಿದ್ದರು, ಎಲ್ಲ ಹೇಳಿದಳು. ಮುಖ ಹೇಗಿತ್ತು ಎಂದು ಕೇಳಿದೆ. ಅತ್ತೆ ಹೇಳಲು ಹೊರಟು ನಿಲ್ಲಿಸಿದಳು. "ಸರಿಯಾಗಿ ನೆನಪಿಗೆ ಬರೋದಿಲ್ಲ ಈಗ," ಎಂದಳು. ಆಮೇಲೆ ಬಹಳ ಹೊತ್ತು ನಲ್ಲಿಯ ಕೆಳಗೆ ತುಂಬಿ ಹರಿಯುತ್ತಿದ್ದ ಬಕೆಟ್ಟನ್ನು ಇಬ್ಬರೂ ನೋಡುತ್ತ ಕೂತೆವು. ಎದ್ದು ನಲ್ಲಿ ನಿಲ್ಲಿಸಬೇಕು ಎಂದು ಇಬ್ಬರಿಗೂ ತೋಚಲಿಲ್ಲ.

ಈಗ ನನ್ನದೇ ಒಂದು ಸಣ್ಣ ಸ್ಟುಡಿಯೋ ಇದೆ. ಕ್ಯಾಮೆರಾಗಳು ಬಂದವು, ಹೋದವು. ಕೊಳ್ಳಲು ಸಲಹೆ ಕೇಳಿ ಬರುವವರಿಗೆ, ಯಾರ ಫೋಟೊ ತೆಗೆಯುತ್ತೀರಿ ಎಂದು ಮೊದಲು ಕೇಳುತ್ತೇನೆ. ಹೆಚ್ಚಿನವರಿಗೆ ಆ ಪ್ರಶ್ನೆ ವಿಚಿತ್ರ ಅನ್ನಿಸುತ್ತದೆ.

ಆ ತೊಂಬತ್ತಮೂರು ಫೋಟೊಗಳಲ್ಲಿ ಒಬ್ಬ ಮನುಷ್ಯನೂ ಇಲ್ಲ. ಅತ್ತೆಗೆ ಅದು ಕೊರತೆಯಲ್ಲ. ನನಗೆ ಕೊರತೆ. ಅವುಗಳನ್ನು ನೋಡುವಾಗಲೆಲ್ಲ ನಾನು ಹುಡುಕುವುದು ನನ್ನ ಮುಂದೆ ಹೋಗುತ್ತಿದ್ದ ಅವಳ ಒಡೆದ ಹಿಮ್ಮಡಿಯನ್ನು, ಒದ್ದೆಯಾಗಿ ಕಾಲಿಗೆ ಅಂಟಿದ ಸೀರೆಯ ಅಂಚನ್ನು. ಊರು ಬಿಡುವ ವಾರ ಅವಳು ನನ್ನ ಮುಂದೆಯೇ ನಡೆದಿದ್ದಳು. ನಾನು ಅವಳನ್ನು ತಿರುಗಿ ನಿಲ್ಲು ಎನ್ನುತ್ತಲೇ ಇದ್ದೆ.

ಕಳೆದ ವರ್ಷ ಕೊಯ್ಲಿನ ಸಮಯದಲ್ಲಿ ಅತ್ತೆಯನ್ನು ಚೇಕಾಡಿಯವರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಮುಂದೆ ಈಗ ಬಿಡುವುದಿಲ್ಲ. ಬಿಟ್ಟರೂ ಅವಳ ಮಂಡಿ ಬಿಡುವುದಿಲ್ಲ. ಗದ್ದೆಯ ಬದುವಿನ ಮೇಲೆ ಕೂತೆವು. ಗಂಧಸಾಲೆ ಭತ್ತ ಕೊಯ್ದು ಹಾಕಿದ್ದರಿಂದ ಗಾಳಿಯಲ್ಲೆಲ್ಲ ಅದರ ಪರಿಮಳ. ಕೊಯ್ಯುತ್ತಿದ್ದ ಹೆಂಗಸೊಬ್ಬಳು ಅತ್ತೆಯ ಗುರುತು ಹಿಡಿದು, ಬಂದು ಪಕ್ಕದಲ್ಲಿ ಕೂತು ಎಲೆ ಅಡಿಕೆ ಕೊಟ್ಟಳು. ಇಬ್ಬರೂ ಯಾರ್ಯಾರು ಇದ್ದಾರೆ, ಯಾರ್ಯಾರು ಇಲ್ಲ ಎಂದು ಮಾತಾಡಿಕೊಂಡರು. ಎದುರಿಗೆ ಕಾಡು ಹಸಿರು ಗೋಡೆಯ ಹಾಗೆ ನಿಂತಿತ್ತು. ಅದರಲ್ಲಿ ಎಲ್ಲಿಂದ ಒಳಗೆ ಹೋಗುತ್ತಿದ್ದೆವು ಎಂದು ನನಗೆ ತಿಳಿಯಲಿಲ್ಲ. ಅತ್ತೆ ಮಾತಿನ ನಡುವೆಯೂ ಒಂದೇ ಕಡೆ ನೋಡುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ.

"ಮುಂದಿನ ಕೊಯ್ಲಿಗೂ ಬರೋಣ್ವಾ?" ಎಂದಳು.

"ಬರೋಣ," ಎಂದೆ.

"ಆಗ ಬೆಳಿಗ್ಗೇನೇ ಬರ್ಬೇಕು. ಇವತ್ತು ಹೊತ್ತಾಯ್ತು."