ಹೊಲಕ್ಕ ಬರ್ರಿ ಅಂದವರು

ಎಳ್ಳ ಅಮಾವಾಸ್ಯೆಯ ದಿನ ಬೀದರದಲ್ಲಿ ಯಾರೂ ಸಿಗುವುದಿಲ್ಲ. ಅಂಗಡಿಗಳ ಶಟರ್ ಇಳಿದಿರುತ್ತದೆ, ಆಟೋ ಸ್ಟ್ಯಾಂಡಿನಲ್ಲಿ ನಾಯಿಗಳು ಮಲಗಿರುತ್ತವೆ. ಜಿಲ್ಲೆಗೆ ಜಿಲ್ಲೆಯೇ ಹೊಲಗಳಲ್ಲಿ, ಜೋಳದ ದಂಟಿನ ಕೊಂಪೆಯ ಮುಂದೆ ಕೂತು ಸೊಪ್ಪು, ಹಸಿಕಾಳು ಕೂಡಿಸಿ ಬೇಯಿಸಿದ ಭಜ್ಜಿ ಉಣ್ಣುತ್ತಿರುತ್ತದೆ. ಅದಕ್ಕೆ ವಾರದ ಮುಂಚಿನಿಂದ ಎಲ್ಲರೂ ಎಲ್ಲರಿಗೂ ಒಂದು ಮಾತು ಹೇಳುತ್ತಾರೆ: "ಹೊಲಕ್ಕ ಬರ್ರಿ." ಕೇಳಿದವರು "ಬರ್ತೇವ್ರಿ" ಅನ್ನುತ್ತಾರೆ. ಯಾರೂ ಹೋಗುವುದಿಲ್ಲ. ಪ್ರತಿಯೊಬ್ಬರಿಗೂ ಸ್ವಂತದ್ದೋ ನೆಂಟರದ್ದೋ ಒಂದು ಹೊಲ ಇದ್ದೇ ಇರುತ್ತದೆ, ಅಲ್ಲಿಗೆ ಹೋಗುತ್ತಾರೆ. ಆದರೆ ಆ ದಿನ ನಿಮ್ಮ ಹೊಲದ ಬದು ದಾಟಿ ಬಂದವರು ಯಾರೇ ಇರಲಿ, ಉಣ್ಣಿಸದೆ ಕಳಿಸುವ ಹಾಗಿಲ್ಲ. ಹಾಗೆ ಕಳಿಸಿದವರನ್ನು ನಾನು ಕಂಡಿಲ್ಲ.

ನಾನು ಭಾಲ್ಕಿಯ ಮಗಳು. ಬೀದರದ ಕಾನ್ವೆಂಟಿನಲ್ಲಿ ಓದಿದೆ. ದನಿ ಏರಿಸಬಾರದು, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಬೇಕು, ಇನ್ನೊಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಅಲ್ಲಿನ ಸಿಸ್ಟರ್‌ಗಳು ಕಲಿಸಿದರು. ಮದುವೆಯಾದ ಮೇಲೆ ಅದೆಲ್ಲ ಬಹಳ ಉಪಯೋಗಕ್ಕೆ ಬಂತು, ನನಗಲ್ಲ, ಗಂಡನ ಮನೆಯವರಿಗೆ. ಬೀದರದ ಹೊರಗಿನ ಕೊಳಾರ ಇಂಡಸ್ಟ್ರಿಯಲ್ ಏರಿಯಾದ ಕಡೆ ಹೋಗುವ ರಸ್ತೆಯ ಕಾಲೊನಿಯಲ್ಲಿ ನಮ್ಮಪ್ಪ ನನ್ನ ಹೆಸರಿನಲ್ಲಿ ಜಾಗ ಕೊಂಡು ಮನೆ ಕಟ್ಟಿಸಿದ್ದರು. ಹಿತ್ತಲ ಕಡೆ ಮಹಡಿಯ ಮೇಲೆ, ಹೊರಗಿನಿಂದ ಮೆಟ್ಟಿಲು ಇರುವ ಒಂದು ಖೋಲಿ, ಒಂಟಿ ಕೋಣೆ. ಅದನ್ನು ಬಾಡಿಗೆಗೆ ಕೊಡುವುದು ಬಿಡಿಸುವುದು ಎಲ್ಲ ನೋಡುತ್ತಿದ್ದವರು ಔರಾದದಲ್ಲಿರುವ ನನ್ನ ಭಾವ, ಗಂಡನ ಅಣ್ಣ. ಯಾಕೆ ಅವರು ನೋಡಬೇಕು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆ ಖೋಲಿಗೆ ಗಂಡ ಹೆಂಡತಿ ಇಬ್ಬರನ್ನು ತಂದಿಟ್ಟವರೂ ಭಾವನೇ. ಬಂಗಾಳದವರು, ಕೊಳಾರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಭಾವನ ಲಾರಿಗಳು ಅದೇ ಫ್ಯಾಕ್ಟರಿಗೆ ಓಡುತ್ತವೆ. ಲೋಡ್ ಮಾಡುವವರು ಹತ್ತಿರದಲ್ಲಿದ್ದರೆ ಅವರಿಗೆ ಅನುಕೂಲ. ಆಗ ಅವರ ದೇಶ ಯಾವುದು ಎಂಬ ಪ್ರಶ್ನೆ ಭಾವನಿಗೆ ಬಂದಿರಲಿಲ್ಲ. ಒಂದು ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಆ ಗಂಡಸು ಒಬ್ಬನೇ ನಿಂತು ಲಾರಿ ತುಂಬಿಸಿಕೊಟ್ಟು ಬಂದಾಗ ಭಾವ ನಮ್ಮ ಮನೆಯ ಗೇಟಿನಲ್ಲೇ ಅವನ ಬೆನ್ನು ತಟ್ಟಿ, "ಮುಂದಿನ ವರ್ಷ ನಿಮ್ಮ ಮಂದಿನ್ನೆಲ್ಲ ಕರ್ಕೊಂಡು ಹೊಲಕ್ಕ ಬಾ. ಭಜ್ಜಿ ಉಣ್ಣು, ಅಂಬಲಿ ಕುಡಿ" ಎಂದರು. ನಾನು ಅಂಗಳದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದೆ. ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ್ದು ನೋಡಿದೆ. ನಮ್ಮವರು ಹಾಗೆ ಮಾಡುವುದಿಲ್ಲ. "ಹ್ಞೂಂ ಬರ್ತೀನಿ" ಅಂದು ಹೋಗಿಬಿಡುತ್ತಾರೆ.

ಮಳೆಗಾಲ ಮುಗಿಯುವ ಹೊತ್ತಿಗೆ ಫ್ಯಾಕ್ಟರಿಯ ಯಂತ್ರದಲ್ಲಿ ಅವನ ಬಲಗೈ ಸಿಕ್ಕಿತು. ಎರಡು ಬೆರಳು ಹೋದವು. ಫ್ಯಾಕ್ಟರಿಯವರು, ಇವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಎಲ್ಲಿಯೋ ಕೈ ಕಳೆದುಕೊಂಡು ಬಂದಿದ್ದಾನೆ ಎಂದರು. ಜೊತೆಯ ಕೆಲಸಗಾರರು ಗೇಟಿನ ಮುಂದೆ ಕೂತರು. ಅವರು ಕೇಳಿದ್ದು ಒಂದೇ: ಇವನು ನಮ್ಮ ಕೆಲಸಗಾರ, ಇಲ್ಲೇ ಕೈ ಹೋಯಿತು ಎಂದು ಒಪ್ಪಿಕೊಳ್ಳಿ. ಕಾರ್ಮಿಕ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟರು. ಆ ಅರ್ಜಿ ನಿಲ್ಲಬೇಕಾದರೆ ಅವನು ಬೀದರದಲ್ಲಿರಬೇಕು, ಕರೆದಾಗ ಹೋಗಬೇಕು, ಒಂದು ವಿಳಾಸ ಬೇಕು. ಖೋಲಿ ಹೋದರೆ ಎಲ್ಲವೂ ಹೋಯಿತು.

ಮೂರನೆಯ ದಿನಕ್ಕೆ ಎದುರುಗಡೆ ಇನ್ನೊಂದು ಗುಂಪು ಕೂತಿತು. ನಮ್ಮ ಊರಿನ ಹುಡುಗರೇ. "ಬಾಂಗ್ಲಾದವರನ್ನ ಓಡಸ್ರಿ" ಎಂಬ ಬ್ಯಾನರು. ಬ್ಯಾನರಿನ ಬಟ್ಟೆ ಹೊಸದು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಅವರಿಗೆ ಚಹಾ ಬರುತ್ತಿದ್ದದ್ದು ಭಾವನ ಲಾರಿಯಲ್ಲಿ.

ಪೊಲೀಸರು ಬಂದು ಖೋಲಿಯಲ್ಲಿದ್ದವರ ಕಾಗದಪತ್ರ ನೋಡಿ, ಫೋಟೋ ಹೊಡೆದುಕೊಂಡು ಹೋದರು. ಸರಿಯಿಲ್ಲ ಎಂದು ಅವರು ಹೇಳಲಿಲ್ಲ. ಕಾಲೊನಿಗೆ ಅದು ಸಾಲಲಿಲ್ಲ. ನಮ್ಮ ಎದುರು ಮನೆಯಾಕೆ, ಶ್ರಾವಣದಲ್ಲಿ ನನ್ನ ಪಕ್ಕದಲ್ಲೇ ಕೂತು ಭಜನೆ ಹೇಳುವವರು, ಗೇಟಿನ ಹೊರಗೇ ನಿಂತು ಕೇಳಿದರು.

"ಏನ್ರೀ ಅಕ್ಕಾವ್ರ, ನಿಮ್ಮ ಮನಿಗೆ ಬರಬೇಕಾದ್ರ ಈಗ ಪಾಸ್‌ಪೋರ್ಟ್ ತರ್ಬೇಕೇನ್ರೀ?"

ಹಿಂದೆ ನಿಂತಿದ್ದ ಇಬ್ಬರು ಸೆರಗು ಬಾಯಿಗೆ ಹಿಡಿದು ನಕ್ಕರು.

"ಬ್ಯಾಡ್ರಿ, ಚಪ್ಪಲಿ ಹೊರಗ ಬಿಟ್ಟ್ರ ಸಾಕು," ಎಂದೆ.

"ನಗಬ್ಯಾಡ್ರಿ. ನಮ್ಮ ಹೆಣ್ಮಕ್ಕಳು ಓಡಾಡೋ ಓಣಿ ಇದು. ಅವ್ರು ಯಾರು, ಎಲ್ಲಿಯವ್ರು?"

"ಪೊಲೀಸರು ನೋಡ್ಯಾರಲ್ರಿ."

"ಪೊಲೀಸರಿಗೆ ಏನ್ ತಿಳೀತದರಿ? ಕಾರ್ಡ್ ಯಾರಬೇಕಾದ್ರೂ ಮಾಡಿಸ್ಕೋತಾರ."

ಆಮೇಲೆ ಹಾಲಿನವನು ಮೆಟ್ಟಿಲ ಹತ್ತಿರ ಹೋಗುವುದನ್ನು ನಿಲ್ಲಿಸಿದ. ಅವರ ಒಣಗುವ ಬಟ್ಟೆಯ ಮೇಲೆ ಯಾರೋ ಕೆಸರು ಎಸೆದರು. ಎಸೆದ ಕೈ ಚಿಕ್ಕದು, ಗೋಡೆಯ ಮೇಲೆ ಬೆರಳಿನ ಗುರುತಿತ್ತು. ಯಾವ ಮನೆಯ ಮಗು ಎಂದು ನನಗೆ ಗೊತ್ತು. ಆ ಮಗುವಿನ ಹುಟ್ಟುಹಬ್ಬಕ್ಕೆ ನಾನು ಕೇಕ್ ಮಾಡಿಕೊಟ್ಟಿದ್ದೆ. ಇನ್ನು ಮಾಡಿಕೊಡುವುದಿಲ್ಲ.

ಖೋಲಿಯ ಹೆಣ್ಣುಮಗಳು ಬಟ್ಟೆಯನ್ನು ಮತ್ತೆ ಒಗೆದು ಒಳಗೇ ಹಗ್ಗ ಕಟ್ಟಿ ಹರವಿದಳು. ನನ್ನ ಮೇಲೆ ಅವಳಿಗೆ ಪ್ರೀತಿ ಇತ್ತೆಂದು ಹೇಳಲಾರೆ. ನಾನು ಮಾತಾಡಿಸಿದರೆ ಹಿಂದಿಯಲ್ಲಿ ಎರಡು ಮಾತು, ಅಷ್ಟೇ. ಗಂಡನ ಕೈಯ ಪಟ್ಟಿಗೆ ಧೂಳು ಹತ್ತಬಾರದೆಂದು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ ತೊಡಿಸಿ, ಮಣಿಕಟ್ಟಿಗೆ ತನ್ನ ಹಳೆಯ ರಿಬ್ಬನ್ ಕಟ್ಟಿ ಕಳಿಸುತ್ತಿದ್ದಳು. ಅವನು ಹಾಗೇ ಹೋಗಿ ಫ್ಯಾಕ್ಟರಿ ಗೇಟಿನ ಮುಂದೆ ಕೂರುತ್ತಿದ್ದ.

ಹಬ್ಬಕ್ಕೆ ಹದಿನೈದು ದಿನ ಇರುವಾಗ ಭಾವ ಬಂದರು. ಚಹಾ ಕುಡಿದು, ಕಪ್ಪು ಕೆಳಗಿಡುವ ಮೊದಲೇ ನನ್ನ ಗಂಡನಿಗೆ ಹೇಳಿದರು.

"ಅಮಾಸಿ ಆದ ಮರುದಿನ ಖೋಲಿ ಖಾಲಿ ಆಗ್ಬೇಕು. ನಾ ಫ್ಯಾಕ್ಟರಿ ಮಾಲಕರಿಗೆ ಮಾತ ಕೊಟ್ಟೀನಿ."

"ಆಯ್ತಣ್ಣಾ," ಎಂದರು ನನ್ನ ಗಂಡ. ಅವರು ಯಾರಿಗೂ ಇಲ್ಲ ಎಂದವರಲ್ಲ.

ನಾನು ಕಪ್ಪು ಎತ್ತಿಕೊಂಡು ಒಳಗೆ ಹೋದೆ. ಸಿಂಕಿನ ಮುಂದೆ ನಿಂತು ಆ ಒಂದು ಕಪ್ಪನ್ನು ಎಷ್ಟು ಹೊತ್ತು ತೊಳೆದೆನೋ. ಮೇಲೆ ಹೋಗಿ ಅವರಿಗೆ ಹೇಳುವ ಕೆಲಸ ನಾವಿಬ್ಬರೂ ಮಾಡಲಿಲ್ಲ.

ಅಮಾವಾಸ್ಯೆಯ ದಿನ ನಾವು ಔರಾದದ ಹೊಲದಲ್ಲಿದ್ದೆವು. ಕರಿ ನೆಲ, ಎದೆಯೆತ್ತರದ ಜೋಳ, ಬದುವಿನಲ್ಲಿ ತೊಗರಿ. ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲು, ಪಾಂಡವರು. ಪೂಜೆ ಆಗಿತ್ತು. ಅತ್ತೆ ಭಜ್ಜಿಯ ಪಾತ್ರೆಯ ಬಾಯಿ ಬಿಚ್ಚಿದ್ದರು. ಆಗ ಬದುವಿನ ಮೇಲೆ ಹತ್ತು ಹನ್ನೆರಡು ಮಂದಿ ಸಾಲಾಗಿ ಬರುವುದು ಕಂಡಿತು. ಮುಂದೆ ಬ್ರೆಡ್ಡಿನ ಚೀಲದ ಕೈ. ಹಿಂದೆ ಅವನ ಹೆಂಡತಿ, ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಗಂಡಸರೆಲ್ಲ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಫ್ಯಾಕ್ಟರಿಗೆ ರಜೆ, ಗೇಟಿನಲ್ಲಿ ಕೂತರೆ ನೋಡುವವರಿಲ್ಲ. ಹೋದ ವರ್ಷ ಕರೆದಿದ್ದರಲ್ಲ, ಹೋಗಿ ಬರೋಣ ಎಂದು ಬಂದಿದ್ದರು. ಸೇಠ್ ಸಿಟ್ಟಿನಲ್ಲಿದ್ದಾರೆ, ಕರೆದಲ್ಲಿಗೆ ಹೋಗಿ ಉಂಡರೆ ಸಿಟ್ಟು ಇಳಿಯುತ್ತದೆ ಎಂದೂ ಎಣಿಸಿದ್ದರಂತೆ. ಅವರ ಕಡೆ ಕರೆದರೆ ಹೋಗುತ್ತಾರೆ.

ಭಾವ ಎದ್ದು ನಿಂತರು. ಅವರ ಹೆಂಡತಿ, ನನ್ನ ನೆಗೆಣ್ಣಿ, ಸೌಟು ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಇವ್ರು ಯಾಕ ಬಂದ್ರು ಇಲ್ಲಿ?" ಎಂದರು ಭಾವ.

"ಆಪ್ ಬುಲಾಯೇ ಥೇ, ಸೇಠ್," ಎಂದ ಅವನು. ನೀವೇ ಕರೆದಿದ್ದಿರಿ. ಅದೇ ಕೈ ಎದೆಯ ಮೇಲೆ. ಈಗ ಪ್ಲಾಸ್ಟಿಕ್ ಚೀಲದಲ್ಲಿ.

ಸುತ್ತಲಿನ ಹೊಲದವರು ಊಟ ಬಿಟ್ಟು ನೋಡುತ್ತಿದ್ದರು. ಅತ್ತೆ ಹಣೆಯ ವಿಭೂತಿ ಮುಟ್ಟಿಕೊಂಡು ಹೇಳಿದರು: "ಬದು ದಾಟ್ಯಾರ. ಎಲಿ ಹಾಕವ್ವ."

ಭಾವ ತಾವೇ ಬಡಿಸಿದರು. ಅಷ್ಟು ಧಾರಾಳವಾಗಿ ಬಡಿಸಿದ್ದನ್ನು ನಾನು ಎಂದೂ ನೋಡಿಲ್ಲ. ರೊಟ್ಟಿಯ ಮೇಲೆ ರೊಟ್ಟಿ, ಭಜ್ಜಿ ಎಲೆ ತುಂಬಿ ಹರಿಯುವಷ್ಟು. "ಉಣ್ರಿ, ಉಣ್ರಿ! ನಿಮ್ಮ ದೇಶದಾಗ ಇದೆಲ್ಲಿ ಸಿಗಬೇಕು? ನಮ್ಮ ಮಂದಿ ಕೆಲಸ ಉಂಡ್ರಿ, ಭಜ್ಜಿನೂ ಉಣ್ರಿ!" ಪಕ್ಕದ ಹೊಲದಲ್ಲಿ ನಗು. ಅವರಿಗೆ ಮಾತು ಪೂರ್ತಿ ತಿಳಿಯಲಿಲ್ಲ, ನಗು ತಿಳಿಯಿತು. ಆದರೂ ಎಲೆಯಲ್ಲಿ ಏನೂ ಬಿಡದೆ ಉಂಡರು. ಅವನು ಎಡಗೈಯಿಂದ ಉಣ್ಣುತ್ತಿದ್ದ. ನೆಗೆಣ್ಣಿ ಅದನ್ನು ನೋಡಿ, "ಛೀ, ಎಡಗೈ!" ಎಂದಳು. ಬಲಗೈ ಎಲ್ಲಿದೆ ಎಂದು ಅವಳಿಗೆ ಕಾಣಲಿಲ್ಲವೇ?

ಕೈ ತೊಳೆಯಲು ಭಾವ ತಂಬಿಗೆ ಕೊಟ್ಟರು. ನೀರು ಮುಗಿಯುವವರೆಗೆ ಕಾದರು. ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಹಿಂದಿಯಲ್ಲಿ ಹೇಳಿದರು: ಊಟ ಆಯಿತು, ನಮ್ಮ ರಿವಾಜು ಮುಗಿಯಿತು. ನಾಳೆ ಸಂಜೆಯೊಳಗೆ ಖೋಲಿ ಖಾಲಿ ಮಾಡಿ, ಬೀದರ ಬಿಟ್ಟು ಹೋಗಿ.

ಖೋಲಿಯ ಹೆಣ್ಣುಮಗಳು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಿದ್ದವಳು ಹಾಗೇ ನಿಂತಳು. ನನ್ನ ಗಂಡ ಜೋಳದ ತೆನೆ ನೋಡುತ್ತಿದ್ದರು.

"ಖೋಲಿ ನಂದದರಿ, ಭಾವನವರ," ಎಂದೆ.

"ಏನಂದಿ?"

ನನಗೆ ದನಿ ಏರಿಸಲು ಬರುವುದಿಲ್ಲ. ಅಷ್ಟೇ ಮೆಲ್ಲಗೆ ಮತ್ತೆ ಹೇಳಿದೆ. "ಖೋಲಿ ನಂದು. ಭಾಲ್ಕಿಯವರು ಕಟ್ಟಿಸಿ ಕೊಟ್ಟದ್ದು. ಅವ್ರು ಅಲ್ಲೇ ಇರ್ತಾರ."

"ಇವ್ರು ಬಾಂಗ್ಲಾದವ್ರಂತ ನಾಳಿ ಗೊತ್ತಾದ್ರ? ಜೇಲಿಗೆ ನೀ ಹೋಗ್ತೀ?"

"ಅದನ್ನ ನೋಡೋರು ಬ್ಯಾರೆ ಇದ್ದಾರ್ರಿ. ನೋಡಿ ಹೋಗ್ಯಾರ. ಲಾರಿ ತುಂಬಸಾಗ ನೀವು ಕೇಳ್ಲಿಲ್ಲಲ್ರಿ?"

"ಭಾಲ್ಕಿ ಬಾಯಿ ಇವತ್ತ ಬಿಚ್ಯದ ನೋಡ್ರೋ!" ಎಂದು ಭಾವ ಸುತ್ತಲಿನವರ ಕಡೆ ತಿರುಗಿ ನಕ್ಕರು. ನಗು ಬೇಗ ನಿಂತಿತು. "ಆಯ್ತು. ಖೋಲಿ ನಿಂದು, ಹೊಲ ನಂದು. ಇನ್ನಮ್ಯಾಲ ಈ ಬದು ನೀ ದಾಟಬ್ಯಾಡ."

ಅತ್ತೆ ಬಾಯಿ ತೆರೆದರು, ಮಗನ ಮುಖ ನೋಡಿ ಮುಚ್ಚಿಕೊಂಡರು. ಎಲೆ ಹಾಕಿಸುವವರೆಗೆ ಅವರ ಮಾತು ನಡೆಯುತ್ತಿತ್ತು, ಅದರಾಚೆಗೆ ಇಲ್ಲ. ಉಂಡ ಎಲೆ ಎತ್ತುವ ಮೊದಲೇ ನಾನು ಚಪ್ಪಲಿ ಮೆಟ್ಟಿ ರಸ್ತೆಗೆ ಬಂದೆ. ಗಂಡ ಸ್ವಲ್ಪ ಹೊತ್ತು ಬಿಟ್ಟು ಬಂದರು. ಬೀದರಕ್ಕೆ ಮರಳಿದ ಮೇಲೆ ಮನೆಯ ಮೆಟ್ಟಿಲ ಹತ್ತಿರ ಆ ಹೆಣ್ಣುಮಗಳು ನನ್ನನ್ನು ತಡೆದು ನಿಲ್ಲಿಸಿದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡೆ.

"ದೀದಿ, ಎಲ್ಲರ ಮುಂದೆ ಯಾಕೆ ಹೇಳಿದಿರಿ?" ಎಂದು ಹಿಂದಿಯಲ್ಲಿ ಕೇಳಿದಳು. "ನಿಮ್ಮ ಸಿಟ್ಟು ನೀವು ತೀರಿಸಿಕೊಂಡಿರಿ. ನಾಳೆ ಏಟು ತಿನ್ನುವವರು ನಾವು."

ಅವಳು ಹೇಳಿದ ಹಾಗೆಯೇ ಆಯಿತು. ಅವಳ ಗಂಡನನ್ನು ಫ್ಯಾಕ್ಟರಿ ಗೇಟಿನ ಹತ್ತಿರ ಬ್ಯಾನರಿನ ಹುಡುಗರು ತಳ್ಳಾಡಿದರು, ಗುಣವಾಗುತ್ತಿದ್ದ ಕೈ ಮತ್ತೆ ಒಡೆಯಿತು. ಆದರೂ ಅವರು ಹೋಗಲಿಲ್ಲ. ಅರ್ಜಿ ಇನ್ನೂ ನಡೆದಿದೆ. ಕರೆದಾಗಲೆಲ್ಲ ಅವನು ಹೋಗುತ್ತಾನೆ, ವಿಳಾಸ ಕೇಳಿದರೆ ನನ್ನ ಮನೆಯದೇ ಹೇಳುತ್ತಾನೆ. ಕಾಲೊನಿಯವರು ನನ್ನನ್ನು ಭಜನೆಗೆ ಕರೆಯುವುದಿಲ್ಲ. ಅವರ ರಾಗ ಮೊದಲಿನಿಂದಲೂ ತಪ್ಪಿತ್ತು, ಈಗ ಕಿಟಕಿ ಮುಚ್ಚಿಕೊಂಡು ಕೇಳಬಹುದು.

ಈ ಸಲದ ಎಳ್ಳ ಅಮಾವಾಸ್ಯೆಗೆ ಭಾವ ನಮ್ಮ ಓಣಿಗೆ ಬಂದರು. ಮನೆಮನೆಗೆ ಹೋಗಿ, "ಹೊಲಕ್ಕ ಬರ್ರಿ" ಎಂದರು. ನಮ್ಮ ಗೇಟು ದಾಟಿ ಮುಂದೆ ಹೋದರು. ಎಷ್ಟೋ ವರ್ಷಗಳಿಂದ ಈ ಮಾತಿಗೆ ತಲೆಯಾಡಿಸಿ ಸುಮ್ಮನಿದ್ದವರು ಈ ಸಲ ನಿಜವಾಗಿಯೂ ಹೊರಟರು. ಎರಡು ಟೆಂಪೋ ಬಂದವು. ಎದುರು ಮನೆಯಾಕೆ ರೇಷ್ಮೆ ಸೀರೆ ಉಟ್ಟು, ನಮ್ಮ ಗೇಟಿನ ಮುಂದೆಯೇ ನಿಂತು, "ಔರಾದಕ್ಕ ನಡದೀವ್ರಿ, ಭಜ್ಜಿ ಉಣ್ಣಲಕ್ಕ!" ಎಂದು ಕೂಗಿ ಹೇಳಿದರು. ತಮ್ಮ ಸ್ವಂತ ಹೊಲ ಬಿಟ್ಟು ಹೋದರು. ನನಗಾಗಿ ಅಷ್ಟು ದೂರ.

ಓಣಿಯಲ್ಲಿ ಎರಡೇ ಬಾಗಿಲು ತೆರೆದಿದ್ದವು. ಮೇಲಿನದು, ಕೆಳಗಿನದು. ನಾನು ಹೊಲವಿಲ್ಲದೆ ಭಜ್ಜಿ ಮಾಡಿದ್ದೆ. ಗಂಡ ಒಂದು ಬಟ್ಟಲು ಉಂಡು ಪೇಪರು ಹಿಡಿದು ಕೂತರು. ಇನ್ನೊಂದು ಬಟ್ಟಲಿಗೆ ಹಾಕಿ, ಮೇಲೆ ಸಜ್ಜೆ ರೊಟ್ಟಿ ಮುಚ್ಚಿ, ಮೆಟ್ಟಿಲು ಹತ್ತಿ ಹೋದೆ. ಅವಳು ಬಾಗಿಲಲ್ಲಿ ನಿಂತು ಬಟ್ಟಲು ನೋಡಿದಳು, ಕೈ ಚಾಚಲಿಲ್ಲ. ಎರಡು ವರ್ಷದಲ್ಲಿ ನಮ್ಮ ಮಾತು ಕಲಿತಿದ್ದಳು.

"ಉಂಡ ಮ್ಯಾಲ ಏನ್ ಹೇಳ್ತೀರಿ, ದೀದಿ? ಮೊದ್ಲೇ ಹೇಳಿಬಿಡ್ರಿ."

"ಏನಿಲ್ಲ," ಎಂದೆ.

ಅವಳು ನಂಬಲಿಲ್ಲ. ನನ್ನ ಮುಖವನ್ನು ನೋಡುತ್ತಲೇ ಇದ್ದಳು, ಪೊಲೀಸರು ಅವಳ ಕಾರ್ಡಿನ ಫೋಟೋ ನೋಡಿದ ಹಾಗೆ. ಆಮೇಲೆ ಬಟ್ಟಲು ತೆಗೆದುಕೊಂಡು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಸರಿಯಾಗಿ ಬಿದ್ದ ಸದ್ದು ಕೇಳಿಸಿದ ಮೇಲೆ ನಾನು ಇಳಿದು ಬಂದೆ.