ಮುತ್ತಜ್ಜಿಯ ಹಳೆ ಸೀರೆ ಕೇಳಿ ಬಂದವರು

ಆಗೆಲ್ಲ ಗುಬ್ಬಿಯ ನಮ್ಮ ಬೀದಿಯಲ್ಲಿ ಬೇಸಿಗೆ ರಜೆ ಬಂತೆಂದರೆ ಹಲಸಿನ ಹಣ್ಣಿನ ವಾಸನೆಯೂ ನಮ್ಮ ಗಲಾಟೆಯೂ ಒಟ್ಟಿಗೇ ಶುರುವಾಗುತ್ತಿದ್ದವು. ನಾನೂ ಎದುರುಮನೆ ಗಿರಿಜಳೂ ಬೆಳಗ್ಗೆ ಅಂಬಲಿ ಕುಡಿದು ಕುಂಟೆಬಿಲ್ಲೆಗೆ ನಿಂತರೆ ಸುಡುಬಿಸಿಲಿಗೂ ಜಗ್ಗುತ್ತಿರಲಿಲ್ಲ. ಬಾಯಾರಿದರೆ ಮಾತ್ರ ಗಿರಿಜ ರಸ್ತೆ ದಾಟಿ ತನ್ನ ಮನೆಗೇ ಓಡುತ್ತಿದ್ದಳು. ನಮ್ಮ ಮನೆಯಲ್ಲಿ ನೀರು ಕುಡಿಯಬಾರದೆಂದು ಅವಳಜ್ಜಿ ಶಿವಗಂಗಮ್ಮನವರ ಕಟ್ಟಪ್ಪಣೆ.

ನಮ್ಮದು ಸಾರಾಯಿ ಕಾಸುತ್ತಿದ್ದ ಮನೆತನ. ತಾತನ ಕಾಲಕ್ಕೇ ಭಟ್ಟಿ ಆರಿ, ಅಪ್ಪ ಮೇಷ್ಟರಾಗಿದ್ದರೂ ‘ಸಾರಾಯಿ ಮನೆ’ ಎಂಬ ಹೆಸರು ನಮ್ಮನ್ನು ಬಿಟ್ಟಿರಲಿಲ್ಲ. ಆ ಭಟ್ಟಿ ಉರಿದದ್ದನ್ನು ಕಂಡವರಲ್ಲಿ ಉಳಿದವಳು ತಾತನ ಅಮ್ಮ, ನಮ್ಮ ಮುತ್ತಜ್ಜಿ ಒಬ್ಬಳೇ. ಗೂಳೂರಿನಿಂದ ಸೊಸೆಯಾಗಿ ಬಂದ ಅವಳಿಗೆ ನೂರಹತ್ತು ದಾಟಿತ್ತು. “ದಿನಾ ಒಂದ್ ಗುಟುಕು ಹಾಕ್ತೀಯೇನಜ್ಜಿ?” ಎಂದು ಯಾರಾದರೂ ಕಣ್ಣು ಮಿಟುಕಿಸಿದರೆ, “ಕುಡ್ದೋರೆಲ್ಲ ಹೋದ್ರು ಕಣಪ್ಪ, ಬರೀ ಮೂಸಿ ನೋಡ್ದೋಳು ಉಳ್ಕಂಡೆ” ಎಂದು ಬೊಚ್ಚುಬಾಯಲ್ಲಿ ನಗುತ್ತಿದ್ದಳು. ಅವಳ ಕೆಲಸವೇ ಅದಾಗಿತ್ತಂತೆ. ಭಟ್ಟಿಯಿಂದ ಮೊದಲು ಇಳಿದದ್ದನ್ನು ಮೂಸಿ, ಅದು ವಿಷವೆಂದು ಚೆಲ್ಲಿಸುವುದು.

ಅಷ್ಟು ಕಾಲ ಬಾಳಿದವರ ಹಳೆ ಸೀರೆಯಲ್ಲಿ ಎಳೆಗೂಸನ್ನು ಮಲಗಿಸಿದರೆ ಆಯಸ್ಸು ಹೆಚ್ಚುತ್ತದೆಂಬ ನಂಬಿಕೆ. ಕುಣಿಗಲ್ಲಿನಿಂದಲೂ ಜನ ಬಸ್ಸು ಹತ್ತಿ ಬಂದು ಕೇಳಿ ಒಯ್ದು ಒಯ್ದು, ಆ ಬೇಸಿಗೆಗೆ ಮುತ್ತಜ್ಜಿಗೆ ಎರಡೇ ಸೀರೆ ಉಳಿದಿದ್ದವು. ಹೊಸದು ಉಟ್ಟರೆ ಅವಳ ತೆಳು ಚರ್ಮ ಕೆಂಪೇಳುತ್ತಿತ್ತು. ಇನ್ನು ಯಾರಿಗೂ ಕೊಡಕೂಡದೆಂದು ಅಮ್ಮ ಗದರಿದ್ದಳು.

ಒಂದು ಮಧ್ಯಾಹ್ನ ಶಿವಗಂಗಮ್ಮನವರು ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತರು. ಅವರ ಸೊಸೆಗೆ, ಗಿರಿಜಳ ಅಮ್ಮನಿಗೆ, ದಿನ ತುಂಬುವ ಮೊದಲೇ ಹೆರಿಗೆಯಾಗಿ, ಗಂಡುಮಗು ತುಮಕೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿತ್ತು. “ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಅಜ್ಜಿ ಸೀರೇದು ಒಂದ್ ತುಂಡು ಕೊಡಿ ಸಾಕು” ಎಂದು ಸೆರಗನ್ನು ಬಾಯಿಗಿಟ್ಟುಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. “ಕೊಡಬೇಡ ಮುತ್ತಜ್ಜಿ! ಅವ್ರು ನಮ್ಮನೆ ನೀರೇ ಮುಟ್ಟಲ್ಲ!”

“ಸುಮ್ಕಿರೇ. ಆ ಕೂಸೇನು ನಿನ್ ನೀರು ಬ್ಯಾಡ ಅಂದೈತಾ?” ಎಂದ ಮುತ್ತಜ್ಜಿ, ಹಗ್ಗದ ಮೇಲೆ ಒಣಗುತ್ತಿದ್ದ ಸೀರೆಯನ್ನು ನನ್ನ ಕೈಯಲ್ಲೇ ತರಿಸಿ ಇಡಿಯಾಗಿ ಅವರಿಗೆ ಕೊಟ್ಟಳು. “ತುಂಡ್ಯಾಕವ್ವ, ಪೂರ್ತಿ ತಗಂಡೋಗು. ನಂಗಾದಷ್ಟು ವಯಸ್ಸಾಗ್ಲಿ ಅದುಕ್ಕೂ.”

ಶಿವಗಂಗಮ್ಮನವರು ಸೀರೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. ನನ್ನ ಕಡೆ ತಿರುಗಿ, “ಒಂದ್ ಲೋಟ ನೀರು ತಾ ಮಗ” ಎಂದರು. ಹೂಜಿಯಿಂದ ಬಗ್ಗಿಸುವ ಅವಸರದಲ್ಲಿ ಅರ್ಧ ನೀರು ನೆಲದ ಪಾಲಾಯಿತು. ಉಳಿದದ್ದನ್ನು ಅವರು ಗಟಗಟನೆ ಕುಡಿದರು.

ಮಗು ಉಳಿಯಿತು. ಸೀರೆಯಿಂದಲೋ ಆಸ್ಪತ್ರೆಯಿಂದಲೋ, ನಾನಂತೂ ಎರಡಕ್ಕೂ ಕೈಮುಗಿಯುತ್ತೇನೆ. ಆ ಬೇಸಿಗೆಯೆಲ್ಲ, ಇದ್ದ ಒಂದೇ ಸೀರೆ ಒಗೆದು ಒಣಗುವ ತನಕ, ಮುತ್ತಜ್ಜಿ ನಮ್ಮಪ್ಪನ ಹಳೆ ಪಂಚೆ ಸುತ್ತಿಕೊಂಡು ಕೂರುತ್ತಿದ್ದಳು. ಗಿರಿಜಳೂ ನಾನೂ ನಮ್ಮ ಹಿತ್ತಲಲ್ಲೇ ನೀರು ಕುಡಿಯುತ್ತಾ ಅವಳನ್ನು ನೋಡಿ ಕಿಸಕ್ಕನೆ ನಗುತ್ತಿದ್ದೆವು. ಮುಂದಿನ ವರ್ಷ ಆ ಕೊನೆಯ ಸೀರೆಯಲ್ಲೇ ಅವಳನ್ನು ಕಳಿಸಿಕೊಟ್ಟೆವು.

ನನ್ನ ಮಗಳು ಹುಟ್ಟಿದಾಗ ಅಮ್ಮ ಟ್ರಂಕು ಪೂರ್ತಿ ಜಾಲಾಡಿದಳು. ಮುತ್ತಜ್ಜಿಯದೊಂದು ಎಳೆಯೂ ಸಿಗಲಿಲ್ಲ. ಕೇಳಿ ತರೋಣವೆಂದರೆ ಈಗ ನಮ್ಮ ಬಳಗದಲ್ಲಿ ಅಷ್ಟು ಬಾಳಿದವರೇ ಇಲ್ಲ. “ಊರ್ ಕೂಸುಗಳಿಗೆಲ್ಲ ಹಾಸ್ಬುಟ್ಟು, ನಮ್ಮ ಕೂಸಿಗೇ ಇಲ್ದಂಗೆ ಮಾಡ್ಬುಟ್ಳಲ್ಲೇ” ಎಂದು ಅಮ್ಮ ನಗುತ್ತಲೇ ಕಣ್ಣೊರೆಸಿಕೊಂಡಳು. ನರ್ಸು ಮಗಳನ್ನು ಹೊಸ ಟವೆಲಿನಲ್ಲಿ ಸುತ್ತಿ ಕೊಟ್ಟರು. ಅದರ ಒರಟು ಅಂಚು ಅವಳ ಕೆನ್ನೆಗೆ ತಾಗದಂತೆ ನಾನು ಬೆರಳು ಅಡ್ಡ ಹಿಡಿದು ಕೂತಿದ್ದೆ.