ಮಲ್ಲಾಜಮ್ಮನ ಮೌನದ ಹರಕೆ

ನಮ್ಮ ಸಾಲಿಗ್ರಾಮದಲ್ಲಿ ಮಲ್ಲಾಜಮ್ಮನ ಬಾಯಿಗೆ ಸಿಕ್ಕದವರಿಲ್ಲ. ನಾಟಿಯ ದಿನ ಅವಳು ಗದ್ದೆಯಲ್ಲಿದ್ದರೆ ಯಾರಿಗೂ ಸೊಂಟ ನೋವು ಗೊತ್ತಾಗುವುದಿಲ್ಲ. ಪಕ್ಕದ ಮನೆಯ ನನಗೆ ಮಾತ್ರ ಮಧ್ಯಾಹ್ನದ ನಿದ್ದೆ ಎಂದರೇನೆಂದೇ ಗೊತ್ತಿಲ್ಲ. ಅಂಥವಳು ಈ ಬೇಸಿಗೆಯಲ್ಲಿ ಬೆಟ್ಟದಪುರದ ಮಲ್ಲಿಕಾರ್ಜುನನಿಗೆ ಹರಕೆ ಹೊತ್ತಳು. ಬರಿಗಾಲಲ್ಲಿ, ಮೊದಲ ಮೆಟ್ಟಿಲಿಂದ ಗುಡಿಯವರೆಗೆ ಒಂದು ಮಾತೂ ಆಡದೆ ಹತ್ತುತ್ತಾಳಂತೆ.

"ಅದರ ಬದ್ಲು ಉರುಳ್ಕಂಡು ಓಗು, ನಿಂಗೆ ಸಲೀಸು," ಎಂದು ನಾನು ನಕ್ಕೆ.

ಅವಳು ನಗಲಿಲ್ಲ. ಮಗಳು ಪವಿತ್ರಾಗೆ ಎರಡು ಸಲ ಗರ್ಭ ನಿಲ್ಲದೆ ಹೋಗಿತ್ತು. ಈಗ ಮೂರನೆಯದು. ಮಂಚ ಬಿಟ್ಟು ಇಳಿಯಬೇಡ ಎಂದು ಡಾಕ್ಟರು ಹೇಳಿದ್ದರಿಂದ ಅವಳು ಕೊಪ್ಪದ ಗಂಡನ ಮನೆಯಲ್ಲೇ ಮಲಗಿದ್ದಳು.

"ದೇವ್ರಿಗೆ ಕೊಡಕೆ ನನ್ನತ್ರ ಇನ್ನೇನೈತೆ? ಮಾತು ಒಂದೇ ಕಣಕ್ಕ," ಎಂದಳು.

ಜೊತೆಗೆ ನಾದಿನಿ ಪುಟ್ಟತಾಯಮ್ಮ ಹೋದಳು. ನಡೆದದ್ದನ್ನು ನನಗೆ ಹೇಳಿದವಳು ಅವಳೇ. ಬಸ್ಸು ತಪ್ಪಿ, ಇವರು ಹತ್ತಲು ಶುರುಮಾಡುವ ಹೊತ್ತಿಗೆ ಕಲ್ಲು ಕಾದ ಹೆಂಚಾಗಿತ್ತು. ಮಲ್ಲಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹತ್ತಿದಳು. ಇಳಿದು ಬರುತ್ತಿದ್ದ ನೆಂಟರೊಬ್ಬರು ಮಾತಾಡಿಸಿದರೆ ಬರೀ ಕೈಮುಗಿದಳು. ಅವರಿಗೆ ಸಿಟ್ಟೇ ಬಂತಂತೆ.

ಅರ್ಧ ದಾರಿಯಲ್ಲಿ ಅಂಗಾಲು ಬೊಬ್ಬೆಯೆದ್ದು ಅವಳು ಹಿಂದೆ ಉಳಿದಳು. ದಾರಿಯ ಕಲ್ಲುಬಸವನಿಗೆ ಧೂಪ ಹಾಕದೆ ಮುಂದೆ ಹೋಗಬಾರದು ಎಂಬುದು ಅವರ ಮನೆಯ ರೂಢಿ. ಮುಂದಿದ್ದ ಪುಟ್ಟತಾಯಮ್ಮ ದೊಡ್ಡ ಬಂಡೆಯಡಿಯ ಬಸವನ ಮುಂದೆ ಕುಳಿತು, ತೆಂಗಿನ ನಾರು ಹರಡಿ, ಸಾಂಬ್ರಾಣಿ ಬಿಚ್ಚಿದಳು. ಕೆಳಗಿನಿಂದ ಮಲ್ಲಾಜಮ್ಮನಿಗೆ ಕಂಡಿತು: ನಾದಿನಿಯ ತಲೆಯ ಮೇಲೆ, ಬಂಡೆಗೆ, ಮೊರದಗಲ ಹೆಜ್ಜೇನು ಕಟ್ಟಿತ್ತು. ಹೊಗೆ ತಾಕಿದರೆ ಹೆಜ್ಜೇನು ಜೀವ ಉಳಿಸುವುದಿಲ್ಲ.

ಮಲ್ಲಾಜಮ್ಮ ಜೋರಾಗಿ ಚಪ್ಪಾಳೆ ತಟ್ಟಿದಳು. ಅವಸರ ಮಾಡುತ್ತಿದ್ದಾಳೆ ಎಂದುಕೊಂಡ ಪುಟ್ಟತಾಯಮ್ಮ, "ಇರು ಅತ್ಗೆ, ಆಯ್ತು," ಎಂದು ಕಡ್ಡಿ ಗೀರಿದಳು.

"ಅಚ್ಬ್ಯಾಡ ಕಣೇ! ಮ್ಯಾಲೆ ಎಜ್ಜೇನು! ಎದ್ದು ಬಾ!"

ಪುಟ್ಟತಾಯಮ್ಮ ಕಡ್ಡಿ ಆರಿಸಿ ಓಡಿ ಬಂದಳು. ಜೇನು ಏಳಲಿಲ್ಲ. ಮಲ್ಲಾಜಮ್ಮ ಮಾತ್ರ ಕಾದ ಕಲ್ಲಿನ ಮೇಲೆ ಕುಸಿದು ಬಾಯಿ ಬಾಯಿ ಬಡಿದುಕೊಂಡಳು.

"ನೀ ಏನೂ ಅನ್ನಿಲ್ಲ ಅತ್ಗೆ. ನಂಗೇನೂ ಕೇಳಿಸ್ನಿಲ್ಲ," ಎಂದು ನಾದಿನಿ ಕೈ ಹಿಡಿದಳು.

"ಕೇಳಿಸ್ದೆ ಇದ್ರೆ ನೀ ಎಂಗೇ ಬದುಕ್ದೆ?"

ಗುಡಿ ಸೇರಿದ ಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳಂತೆ: "ತಪ್ಪಾಯ್ತು ಕಣಪ್ಪ. ಕೂಸು ಮಡ್ಲು ಸೇರೋಗಂಟ ಇನ್ ಬಾಯ್ ಬುಡಾಕಿಲ್ಲ. ಅದ್ನ ಮಾತ್ರ ಮುಟ್ಬ್ಯಾಡ."

ಅಂದಿನಿಂದ ಅವಳ ಬಾಯಿ ಬಂದ್. ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಜೀವ ಉಳಿಸಿದ್ದಕ್ಕೆ ದಂಡ ಕೇಳುವ ದೇವರು ಎಲ್ಲಾದರೂ ಉಂಟೇ ಎಂದು ಅವಳ ಮುಂದೆ ಕೂಗಾಡಿದೆ. ಅವಳು ಕೈಮುಗಿದು ಒಳಗೆ ಹೋದಳು. ಪವಿತ್ರಾ ಹೆದರಿಯಾಳೆಂದು, ನಿಮ್ಮವ್ವನ ಗಂಟಲು ಕಟ್ಟಿದೆ ಎಂದು ನಾವೇ ಸುಳ್ಳು ಹೇಳುತ್ತಾ ಬಂದೆವು.

ಮೊನ್ನೆ ಕೊಪ್ಪದಿಂದ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಪುಟ್ಟತಾಯಮ್ಮ ಸ್ಪೀಕರಿಗೆ ಹಾಕಿದಳು.

"ಅತ್ತೆ, ಬೆಳಗಿಂದ ಒಟ್ಟೆ ಇಡ್ಕತ್ತಾ ಐತೆ. ಇವ್ರು ಆಟೋ ತರಕೆ ಓಗವ್ರೆ. ಭಯ ಆಯ್ತದೆ. ಅವ್ವಂಗೆ ಕೊಡು. ಎಂಗಾದ್ರೂ ಒಂದ್ ಮಾತಾಡ್ಲಿ, ಸಾಕು."

ಮಲ್ಲಾಜಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು. ತುಟಿ ಬಿಗಿದೇ ಇತ್ತು.

"ಅವ್ವಾ? ಇದ್ದೀಯೇನವ್ವಾ?" ಎಂದು ಮಗಳು ಕೇಳುತ್ತಲೇ ಇದ್ದಳು.